ವಿಂಟೇಜ್ ವಾಹನಗಳ ನೋಂದಣಿ ಹಾಗೂ ಹಳೆಯ ನೋಂದಣಿ ಸಂಖ್ಯೆಯನ್ನು ಉಳಿಸಿಕೊಳ್ಳುವ ಬಗ್ಗೆ ಮಾಹಿತಿ

ಐವತ್ತು ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ಸಂರಕ್ಷಿಸಿಕೊಂಡು ಬಂದಿರುವ ಮಾಲೀಕರು, ಅಂತಹ ವಾಹನಗಳಿಗೆ ಮೊದಲು ನೀಡಲಾಗಿದ್ದ ನೋಂದಣಿ ಸಂಖ್ಯೆಯನ್ನೇ ಮುಂದುವರಿಸಲು ಅವಕಾಶವಿದೆಯೇ ಎಂದು ವಿಚಾರಿಸುತ್ತಿರುತ್ತಾರೆ. ಈ ಸಂಬಂಧ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ ಜುಲೈ 2021ರಲ್ಲಿ ತಿದ್ದುಪಡಿ ತಂದು 81ಎ ಇಂದ 81ಜಿ ವರೆಗಿನ ನಿಯಮಗಳನ್ನು ಸೇರಿಸಲಾಗಿದೆ. ಅರ್ಜಿದಾರರ ಅನುಕೂಲಕ್ಕಾಗಿ ಇವುಗಳ ಮುಖ್ಯಾಂಶಗಳನ್ನು ಹಾಗೂ ಅರ್ಜಿ ಸಲ್ಲಿಸುವ ಮುನ್ನ ವಹಿಸಬೇಕಾದ ಎಚ್ಚರಿಕೆಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ವಿಂಟೇಜ್ ವಾಹನ ಎಂದರೇನು?

ಈ ಕೆಳಗಿನ ಎಲ್ಲಾ ಅಂಶಗಳನ್ನು ಪೂರೈಸುವ ವಾಹನವನ್ನು ವಿಂಟೇಜ್ ವಾಹನವೆಂದು ಪರಿಗಣಿಸಲಾಗುವುದು.

(ಅ) ಸ್ವಂತ ಉಪಯೋಗದ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನವಾಗಿರಬೇಕು. ಬಾಡಿಗೆ ಅಥವಾ ಸಾಗಾಣಿಕೆಯ ವಾಹನಗಳು ಇದರಲ್ಲಿ ಸೇರುವುದಿಲ್ಲ.
(ಆ) ಮೊದಲ ನೋಂದಣಿಯ ದಿನಾಂಕದಿಂದ ಐವತ್ತು ವರ್ಷ ಮೀರಿರಬೇಕು.
(ಇ) ಮೂಲ ಸ್ವರೂಪದಲ್ಲಿಯೇ ಇರಬೇಕು. ಚಾಸಿ, ಬಾಡಿ ಅಥವಾ ಇಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಮಾಡಿರಬಾರದು.

ವಯಸ್ಸನ್ನು ಲೆಕ್ಕ ಹಾಕುವುದು ತಯಾರಿಕೆಯ ವರ್ಷದಿಂದಲ್ಲ, ಮೊದಲ ನೋಂದಣಿಯ ದಿನಾಂಕದಿಂದ ಎಂಬುದನ್ನು ಗಮನಿಸತಕ್ಕದ್ದು. ಉದಾಹರಣೆಗೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ 1968ರಲ್ಲಿ ನೋಂದಣಿಯಾದ ಜಾವಾ ಮೋಟಾರ್ ಸೈಕಲ್ ಈ ಅವಧಿಯನ್ನು ಪೂರೈಸಿದೆ. ಅದೇ ಕಾರ್ಖಾನೆಯ, 1985ರಲ್ಲಿ ನೋಂದಣಿಯಾದ ಯೆಜ್ಡಿ ಮೋಟಾರ್ ಸೈಕಲ್ 2035ರವರೆಗೆ ಈ ವರ್ಗಕ್ಕೆ ಬರುವುದಿಲ್ಲ. ‘ಕ್ಲಾಸಿಕ್’ ಎಂದು ವಾಡಿಕೆಯಲ್ಲಿ ಕರೆಯಲ್ಪಡುವ ಇಂತಹ ವಾಹನಗಳು ಸಾಮಾನ್ಯ ನೋಂದಣಿ ನವೀಕರಣದ ನಿಯಮಗಳಿಗೇ ಒಳಪಟ್ಟಿರುತ್ತವೆ.

2. ಹಳೆಯ ನೋಂದಣಿ ಸಂಖ್ಯೆಗಳ ಹಿನ್ನೆಲೆ

ಈಗ ಬಳಕೆಯಲ್ಲಿರುವ ‘ಕೆಎ’ ಅಕ್ಷರಗಳು ಮೋಟಾರು ವಾಹನಗಳ ಅಧಿನಿಯಮ, 1988 ಜಾರಿಗೆ ಬಂದ 1989ರ ನಂತರದವು. ಅದಕ್ಕೂ ಮೊದಲು, 1939ರ ಅಧಿನಿಯಮದ ಕಾಲದಲ್ಲಿ, ಮೂರು ಅಕ್ಷರ ಹಾಗೂ ಅಂಕಿಗಳನ್ನೊಳಗೊಂಡ ಸಂಖ್ಯೆಗಳನ್ನು ನೀಡಲಾಗುತ್ತಿತ್ತು. ಮೈಸೂರು ರಾಜ್ಯದ ವಾಹನಗಳು ‘ಎಂವೈ’ ಅಕ್ಷರಗಳಿಂದ ಆರಂಭವಾಗುತ್ತಿದ್ದವು. ತರುವಾಯ ‘ಸಿಎ’, ‘ಎಂಇ’ ಮುಂತಾದ ಅಕ್ಷರಗಳಿಂದ ಆರಂಭವಾಗುವ ಸರಣಿಗಳೂ ಬಳಕೆಗೆ ಬಂದವು.

ದಿನಾಂಕ 1-11-1956ರಂದು ರಾಜ್ಯ ಪುನರ್ವಿಂಗಡಣೆಯಾಗುವ ಮುನ್ನ ಬೆಳಗಾವಿ, ಧಾರವಾಡ, ವಿಜಾಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿಯೂ, ದಕ್ಷಿಣ ಕನ್ನಡವು ಮದರಾಸು ರಾಜ್ಯದಲ್ಲಿಯೂ, ಕಲಬುರಗಿ, ರಾಯಚೂರು ಹಾಗೂ ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿಯೂ ಇದ್ದವು. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಆದುದರಿಂದ ಇಂದಿನ ಕರ್ನಾಟಕದ ಮನೆಯೊಂದರಲ್ಲಿರುವ ಹಳೆಯ ಕಾರಿನ ಸಂಖ್ಯೆ ಮುಂಬಯಿ ಅಥವಾ ಮದರಾಸಿನ ಸರಣಿಯದ್ದಾಗಿದ್ದರೆ ಅದು ಹೊರ ರಾಜ್ಯದಿಂದ ತಂದ ವಾಹನವೇ ಆಗಿರಬೇಕೆಂದಿಲ್ಲ. ಅಂತಹ ಸಂದರ್ಭದಲ್ಲಿ ವಾಹನವು ಮೊದಲು ಯಾವ ಊರಿನಲ್ಲಿ, ಯಾವ ವರ್ಷದಲ್ಲಿ ನೋಂದಣಿಯಾಯಿತು ಎಂಬುದನ್ನು ಮೊದಲಿಗೆ ಖಚಿತಪಡಿಸಿಕೊಳ್ಳುವುದು ಅಗತ್ಯ.

3. ಎರಡು ವಿಧದ ಅರ್ಜಿಗಳು

(ಅ) ಈಗಾಗಲೇ ಭಾರತದಲ್ಲಿ ನೋಂದಣಿಯಾಗಿರುವ ವಾಹನ: ಇಂತಹ ವಾಹನದ ಮಾಲೀಕರು ಮೂಲ ನೋಂದಣಿ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದಾಗಿರುತ್ತದೆ. ಇದಕ್ಕೆ ಹಳೆಯ ನೋಂದಣಿ ಪ್ರಮಾಣಪತ್ರವನ್ನು ಅರ್ಜಿಯೊಂದಿಗೆ ಹಾಜರುಪಡಿಸತಕ್ಕದ್ದು.

(ಆ) ಹೊಸದಾಗಿ ನೋಂದಣಿಯಾಗುವ ವಾಹನ: ಇಂತಹ ವಾಹನಕ್ಕೆ ‘ವಿಎ’ ಸರಣಿಯ ಸಂಖ್ಯೆಯನ್ನು ನೀಡಲಾಗುವುದು. ಇದರಲ್ಲಿ ಮೊದಲು ರಾಜ್ಯದ ಅಕ್ಷರಗಳು, ನಂತರ ವಿಂಟೇಜ್ ಎಂಬುದನ್ನು ಸೂಚಿಸುವ ‘ವಿಎ’, ಅನಂತರ ಎರಡಕ್ಷರದ ಸರಣಿ ಹಾಗೂ 0001ರಿಂದ 9999ರವರೆಗಿನ ಒಂದು ಸಂಖ್ಯೆ ಇರುತ್ತದೆ. ಉದಾಹರಣೆ: ಕೆಎ ವಿಎ ಎಎ 0001.

ಈ ವ್ಯತ್ಯಾಸವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ತಂದೆಯ ಅಥವಾ ಅಜ್ಜನ ಕಾಲದ ವಾಹನದ ಹಳೆಯ ದಾಖಲೆ ಕೈಗೆ ಸಿಗಲಿಲ್ಲವೆಂಬ ಕಾರಣಕ್ಕೆ, ಬೇಗ ಕೆಲಸವಾಗಲೆಂದು ಹೊಸ ನೋಂದಣಿ ಕೋರಿದಲ್ಲಿ ಆ ವಾಹನಕ್ಕೆ ‘ವಿಎ’ ಸಂಖ್ಯೆ ದೊರೆಯುತ್ತದೆ. ಮನೆಯವರೆಲ್ಲರೂ ಆ ವಾಹನವನ್ನು ಗುರುತಿಸುತ್ತಿದ್ದ ಸಂಖ್ಯೆ ಕೈತಪ್ಪುತ್ತದೆ. ಒಮ್ಮೆ ಹೊಸ ಸಂಖ್ಯೆ ದಾಖಲಾದ ಮೇಲೆ ಹಿಂದಿನ ಸಂಖ್ಯೆಗೆ ಮರಳುವುದು ಸುಲಭಸಾಧ್ಯವಲ್ಲ. ಅಲ್ಲದೆ, ಹಿಂದೆ ನೋಂದಣಿಯಾಗಿದ್ದ ವಿಷಯವನ್ನು ಮರೆಮಾಚಿ ಅರ್ಜಿ ಸಲ್ಲಿಸುವುದು ಸುಳ್ಳು ಮಾಹಿತಿ ನೀಡಿದಂತಾಗುತ್ತದೆ. ಆದಕಾರಣ ಹಳೆಯ ದಾಖಲೆಯನ್ನು ಹುಡುಕಲು ಸಾಕಷ್ಟು ಪ್ರಯತ್ನ ಮಾಡಿದ ನಂತರವೇ ಮುಂದುವರಿಯುವುದು ಸೂಕ್ತ.

4. ಹಳೆಯ ದಾಖಲೆ ಲಭ್ಯವಿಲ್ಲದಿದ್ದಲ್ಲಿ

(ಅ) ನೋಂದಣಿ ಪ್ರಮಾಣಪತ್ರ ಕಳೆದುಹೋಗಿದ್ದಲ್ಲಿ ಪೊಲೀಸ್ ಠಾಣೆಗೆ ದೂರು ನೀಡಿ, ಸ್ವೀಕೃತಿ ಪಡೆದು, ನಮೂನೆ-26ರಲ್ಲಿ ನಕಲು ಪ್ರಮಾಣಪತ್ರಕ್ಕಾಗಿ ವಾಹನ ನೋಂದಣಿಯಾದ ಕಛೇರಿಗೆ ಅರ್ಜಿ ಸಲ್ಲಿಸತಕ್ಕದ್ದು.

(ಆ) ಪ್ರಾದೇಶಿಕ ಸಾರಿಗೆ ಕಛೇರಿಯ ‘ಬಿ’ ರಿಜಿಸ್ಟರಿನಲ್ಲಿ ವಾಹನದ ವಿವರ ಇದ್ದಲ್ಲಿ ಅದರ ಉದ್ಧೃತ ಪ್ರತಿಯನ್ನು, ಅಂದರೆ ‘ಬಿ ಎಕ್ಸ್‌ಟ್ರಾಕ್ಟ್’ ಅನ್ನು ಕೋರಬಹುದು. ಇದರಲ್ಲಿ ಮಾಲೀಕರ ಹೆಸರು, ಇಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಹಾಗೂ ನೋಂದಣಿ ದಿನಾಂಕ ತಿಳಿದುಬರುತ್ತವೆ. ಜಿಲ್ಲೆಗಳ ವಿಂಗಡಣೆಯಾಗಿರುವುದರಿಂದ ಹಳೆಯ ರಿಜಿಸ್ಟರು ಮೂಲ ಜಿಲ್ಲಾ ಕೇಂದ್ರದ ಕಛೇರಿಯಲ್ಲಿರುವ ಸಾಧ್ಯತೆಯೂ ಇರುತ್ತದೆ.

(ಇ) ಹಳೆಯ ತೆರಿಗೆ ಕಾರ್ಡು, ವಿಮಾ ಪಾಲಿಸಿ, ಖರೀದಿ ರಸೀದಿ ಮುಂತಾದವುಗಳನ್ನು ಪೂರಕ ದಾಖಲೆಗಳಾಗಿ ಸಂಗ್ರಹಿಸಿಟ್ಟುಕೊಳ್ಳತಕ್ಕದ್ದು. ವಾಹನದ ಹಳೆಯ ಛಾಯಾಚಿತ್ರವೊಂದೇ ಸಾಕ್ಷ್ಯವಾಗಿ ಸಾಲುವುದಿಲ್ಲ.

(ಈ) ಕೈಬರಹದ ಹಳೆಯ ದಾಖಲೆಗಳು ಗಣಕೀಕೃತ ‘ವಾಹನ್’ ವ್ಯವಸ್ಥೆಯಲ್ಲಿ ಕಾಣದಿದ್ದಲ್ಲಿ ಸಂಬಂಧಪಟ್ಟ ಕಛೇರಿಯಲ್ಲಿ ‘ಬ್ಯಾಕ್‌ಲಾಗ್’ ನಮೂದನ್ನು ಮೊದಲು ಮಾಡಿಸಿಕೊಳ್ಳತಕ್ಕದ್ದು. ಆನ್‌ಲೈನ್‌ನಲ್ಲಿ ಕಾಣುತ್ತಿಲ್ಲವೆಂದ ಮಾತ್ರಕ್ಕೆ ಸಂಖ್ಯೆ ರದ್ದಾಗಿದೆ ಎಂದು ಭಾವಿಸಬಾರದು.

5. ಮಾಲೀಕರು ನಿಧನರಾಗಿದ್ದಲ್ಲಿ

ನೋಂದಣಿ ಪ್ರಮಾಣಪತ್ರವು ನಿಧನರಾದವರ ಹೆಸರಿನಲ್ಲಿಯೇ ಮುಂದುವರಿದಿದ್ದರೆ, ವಿಂಟೇಜ್ ನೋಂದಣಿಗೆ ಮುನ್ನ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳತಕ್ಕದ್ದು. ಅಧಿನಿಯಮದ ಕಲಂ 50ರಂತೆ ಮಾಲೀಕರ ಮರಣದ ವಿಷಯವನ್ನು 30 ದಿನಗಳೊಳಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ-31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕಾಗಿರುತ್ತದೆ. ವಿಳಂಬವಾಗಿದ್ದಲ್ಲಿ ದಂಡ ಅನ್ವಯಿಸಬಹುದು. ಒಬ್ಬರಿಗಿಂತ ಹೆಚ್ಚು ವಾರಸುದಾರರಿದ್ದಲ್ಲಿ ಉಳಿದವರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಒಳಿತು. ವಾಹನದ ಬೆಲೆಗಿಂತ ಸಂಖ್ಯೆಯ ಮೇಲಿನ ಅಭಿಮಾನದಿಂದಲೇ ಸಹೋದರರ ನಡುವೆ ತಕರಾರು ಉಂಟಾಗುವುದುಂಟು. ಇಂತಹ ತಕರಾರನ್ನು ನೋಂದಣಿ ಪ್ರಾಧಿಕಾರವು ತೀರ್ಮಾನಿಸಲಾಗುವುದಿಲ್ಲ.

6. ಅರ್ಜಿಯೊಂದಿಗೆ ಸಲ್ಲಿಸಬೇಕಾದ ದಾಖಲೆಗಳು

(ಅ) ಭರ್ತಿ ಮಾಡಿದ ನಮೂನೆ-20
(ಆ) ಚಾಲ್ತಿಯಲ್ಲಿರುವ ವಿಮಾ ಪಾಲಿಸಿ
(ಇ) ನಿಗದಿತ ಶುಲ್ಕ
(ಈ) ಭಾರತದಲ್ಲಿ ಈಗಾಗಲೇ ನೋಂದಣಿಯಾಗಿದ್ದಲ್ಲಿ, ಹಳೆಯ ನೋಂದಣಿ ಪ್ರಮಾಣಪತ್ರ
(ಉ) ಆಮದು ಮಾಡಿದ ವಾಹನವಾಗಿದ್ದಲ್ಲಿ, ಸುಂಕದ ಇಲಾಖೆಯ ಬಿಲ್ ಆಫ್ ಎಂಟ್ರಿ

2021ರ ತಿದ್ದುಪಡಿಯಂತೆ ಹೊಸ ನೋಂದಣಿಗೆ ರೂ. 20,000 ಹಾಗೂ ತರುವಾಯದ ಮರು ನೋಂದಣಿಗೆ ರೂ. 5,000 ಶುಲ್ಕ ನಿಗದಿಪಡಿಸಲಾಗಿದೆ. ಪಾವತಿಸುವ ದಿನದಂದು ಜಾರಿಯಲ್ಲಿರುವ ಶುಲ್ಕವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಅರ್ಜಿಯು ಕ್ರಮಬದ್ಧವಾಗಿದ್ದಲ್ಲಿ ನೋಂದಣಿ ಪ್ರಾಧಿಕಾರವು 60 ದಿನಗಳೊಳಗೆ ನಮೂನೆ-23ಎ ರಲ್ಲಿ ನೋಂದಣಿ ಪ್ರಮಾಣಪತ್ರ ನೀಡಬೇಕಾಗಿರುತ್ತದೆ.

ಅರ್ಜಿ ಸಲ್ಲಿಸುವ ಮೊದಲು ವಾಹನದ ಮೇಲಿರುವ ಇಂಜಿನ್ ಹಾಗೂ ಚಾಸಿ ಸಂಖ್ಯೆಗಳನ್ನು ದಾಖಲೆಯೊಂದಿಗೆ ಹೋಲಿಸಿ ನೋಡತಕ್ಕದ್ದು. ತುಕ್ಕು ಹಿಡಿದು ಅಂಕಿಗಳು ಮಸುಕಾಗಿದ್ದಲ್ಲಿ ಯಾವುದೇ ಕಾರಣಕ್ಕೂ ಅವುಗಳನ್ನು ಉಜ್ಜುವುದಾಗಲಿ, ಹೊಸದಾಗಿ ಕೆತ್ತಿಸುವುದಾಗಲಿ ಮಾಡಬಾರದು. ಇರುವ ಸ್ಥಿತಿಯಲ್ಲಿಯೇ ಪರಿಶೀಲನೆಗೆ ಹಾಜರುಪಡಿಸತಕ್ಕದ್ದು. ನೋಂದಣಿಯ ಅವಧಿ ಮುಗಿದಿರುವ ವಾಹನವನ್ನು ರಸ್ತೆಯಲ್ಲಿ ಚಲಾಯಿಸಿಕೊಂಡು ಬರದೆ, ಬೇರೊಂದು ವಾಹನದಲ್ಲಿ ಸಾಗಿಸಿ ತರತಕ್ಕದ್ದು.

7. ಸಂಖ್ಯೆ ಬೇರೆ, ಸಂಖ್ಯಾ ಫಲಕ ಬೇರೆ

1939ರ ಅಧಿನಿಯಮದ ಕಾಲದಲ್ಲಿ ಖಾಸಗಿ ವಾಹನಗಳಿಗೆ ಕಪ್ಪು ಫಲಕದ ಮೇಲೆ ಬಿಳಿ ಅಕ್ಷರಗಳಿರುತ್ತಿದ್ದವು. ಈಗ ಖಾಸಗಿ ವಾಹನಗಳಿಗೆ ಬಿಳಿ ಫಲಕದ ಮೇಲೆ ಕಪ್ಪು ಅಕ್ಷರಗಳಿರಬೇಕು. ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲು ದೊರೆತ ಅನುಮತಿಯು ಕಪ್ಪು ಫಲಕವನ್ನು ಅಳವಡಿಸಲು ದೊರೆತ ಅನುಮತಿ ಎಂದು ಭಾವಿಸತಕ್ಕದ್ದಲ್ಲ. ರಾಜ್ಯದಲ್ಲಿ ದಿನಾಂಕ 1-4-2019ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸುವ ಬಗ್ಗೆ ಆಗಸ್ಟ್ 2023ರಲ್ಲಿ ಅಧಿಸೂಚನೆ ಹೊರಡಿಸಲಾಗಿದೆ.

ಆದುದರಿಂದ ರಸ್ತೆಗಿಳಿಯುವ ವಾಹನದ ಫಲಕದ ಬಣ್ಣ, ಅಳತೆ ಹಾಗೂ ಅಕ್ಷರಗಳ ಬಗ್ಗೆ ನೋಂದಣಿ ಪ್ರಾಧಿಕಾರದಿಂದ ಲಿಖಿತ ಸೂಚನೆ ಪಡೆದು ಅದರಂತೆ ನಡೆದುಕೊಳ್ಳತಕ್ಕದ್ದು. ಅಕ್ಷರಗಳು ಇಂಗ್ಲಿಷಿನಲ್ಲಿಯೂ ಅಂಕಿಗಳು ಅರೇಬಿಕ್ ಅಂಕಿಗಳಲ್ಲಿಯೂ ಇರತಕ್ಕದ್ದು. ಕಾಲಕ್ಕೆ ತಕ್ಕಂತೆ ಕಾಣಲೆಂದು ಓರೆ ಅಕ್ಷರ, ಚಿತ್ರ, ಮನೆತನದ ಹೆಸರು ಇತ್ಯಾದಿಗಳನ್ನು ಬರೆಸಬಾರದು. ವಾಹನದೊಂದಿಗೆ ಬಂದಿರುವ ಮೂಲ ಕಪ್ಪು ಫಲಕವನ್ನು ಎಸೆಯದೆ ಮನೆಯಲ್ಲಿ ಜೋಪಾನವಾಗಿಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

8. ವಾಹನದ ಬಳಕೆಯ ಮೇಲಿನ ನಿರ್ಬಂಧ

ವಿಂಟೇಜ್ ವಾಹನವೆಂದು ನೋಂದಣಿಯಾದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ, ವಾಣಿಜ್ಯ ಉದ್ದೇಶಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ ಹಾಗೂ ಇವುಗಳಿಗೆ ಹೋಗಿ ಬರುವುದು, ಇಂಧನ ತುಂಬಿಸುವುದು ಮತ್ತು ದುರಸ್ತಿ ಇವುಗಳಿಗೆ ಮಾತ್ರ ರಸ್ತೆಗೆ ತರಬಹುದು. ಹಳೆಯ ಸ್ಕೂಟರಿನಲ್ಲಿಯೇ ಪ್ರತಿದಿನ ಕಛೇರಿಗೆ ಅಥವಾ ಸಂತೆಗೆ ಹೋಗಿ ಬರುವವರು ವಿಂಟೇಜ್ ನೋಂದಣಿ ಕೋರಿದಲ್ಲಿ ಆ ಅನುಕೂಲವನ್ನು ಕಳೆದುಕೊಳ್ಳುತ್ತಾರೆ. ಅಂತಹವರು ನಮೂನೆ-25ರಲ್ಲಿ ಸಾಮಾನ್ಯ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಈ ನವೀಕರಣವು ಒಂದು ಬಾರಿಗೆ ಐದು ವರ್ಷಗಳ ಅವಧಿಗೆ ಇರುತ್ತದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗುಜರಿಗೆ ಹೋದ ಹಳೆಯ ಕಾರಿನ ‘ಎಂವೈ’ ಸಂಖ್ಯೆಯ ದಾಖಲೆ ಮಾರಾಟಕ್ಕಿದೆ. ಅದನ್ನು ನನ್ನ ಕಾರಿಗೆ ಹಾಕಿಕೊಳ್ಳಬಹುದೇ?
ಉತ್ತರ: ಇಲ್ಲ. ಉಳಿಸಿಕೊಳ್ಳಲು ಅವಕಾಶವಿರುವುದು ಅದೇ ವಾಹನದ ಮೂಲ ಸಂಖ್ಯೆಯನ್ನು ಮಾತ್ರ. ಬೇರೆ ವಾಹನದ ಸಂಖ್ಯೆ ಹಾಕಿಕೊಳ್ಳುವುದು ಅಪರಾಧವಾಗಿರುತ್ತದೆ.

ಪ್ರಶ್ನೆ: ಹೊರ ರಾಜ್ಯದ ಹಳೆಯ ಸಂಖ್ಯೆಯ ವಾಹನ ಖರೀದಿಸಿದ್ದೇನೆ. ಏನು ಮಾಡಬೇಕು?
ಉತ್ತರ: ಮೂಲ ಕಛೇರಿಯಿಂದ ನಮೂನೆ-28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ಕಲಂ 47ರಂತೆ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇರಿಸುವ ಹೊರ ರಾಜ್ಯದ ವಾಹನಕ್ಕೆ ಸಾಮಾನ್ಯವಾಗಿ ಹೊಸ ಸಂಖ್ಯೆ ಪಡೆಯಬೇಕಾಗಿರುತ್ತದೆ. ಹಳೆಯ ಸಂಖ್ಯೆ ಉಳಿಯಬೇಕೆಂದು ಬಯಸುವವರು ಹೊಸ ಸಂಖ್ಯೆಗಾಗಿ ನಮೂನೆ-27ರಲ್ಲಿ ಅರ್ಜಿ ಸಲ್ಲಿಸುವ ಮೊದಲೇ ನೋಂದಣಿ ಪ್ರಾಧಿಕಾರವನ್ನು ಲಿಖಿತವಾಗಿ ವಿಚಾರಿಸತಕ್ಕದ್ದು.

ಪ್ರಶ್ನೆ: ವಾಹನ ಓಡುವ ಸ್ಥಿತಿಯಲ್ಲಿಲ್ಲ. ಸದ್ಯಕ್ಕೆ ನೋಂದಣಿ ರದ್ದುಪಡಿಸಿ, ಮುಂದೆ ದುರಸ್ತಿಯಾದ ಮೇಲೆ ಪಡೆಯಬಹುದೇ?
ಉತ್ತರ: ಸಂಖ್ಯೆಯನ್ನು ಉಳಿಸಿಕೊಳ್ಳಬೇಕೆನ್ನುವವರು ಕಲಂ 55ರಡಿ ರದ್ದತಿ ಕೋರಬಾರದು. ರದ್ದಾದ ನೋಂದಣಿಯ ಆಧಾರದ ಮೇಲೆ ಸಂಖ್ಯೆ ಮುಂದುವರಿಸುವಂತೆ ಕೋರುವುದು ಕಷ್ಟ.

ಪ್ರಶ್ನೆ: ಅರ್ಜಿ ತಿರಸ್ಕೃತವಾದಲ್ಲಿ?
ಉತ್ತರ: ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು. ಅಧಿನಿಯಮದ ಕಲಂ 57ರಲ್ಲಿ, ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ.

10. ಸಾರ್ವಜನಿಕರಿಗೆ ಸೂಚನೆ

ಮೂಲ ನೋಂದಣಿ ಪ್ರಮಾಣಪತ್ರವನ್ನು ಮಧ್ಯವರ್ತಿಗಳ ಕೈಗೆ ಕೊಡದೆ ಅರ್ಜಿದಾರರು ಸ್ವತಃ ಹಾಜರುಪಡಿಸಬೇಕೆಂದು ಕೋರಲಾಗಿದೆ. ಐವತ್ತು ವರ್ಷಗಳ ಹಿಂದಿನ ಈ ಪುಸ್ತಕ ಒಮ್ಮೆ ಕಳೆದುಹೋದರೆ ಅದರಲ್ಲಿರುವ ಸಹಿ, ಮೊಹರು, ವರ್ಗಾವಣೆಗಳ ವಿವರಗಳನ್ನು ಮತ್ತೆ ಒದಗಿಸಲು ಸಾಧ್ಯವಾಗದಿರಬಹುದು. ಕಛೇರಿಗೆ ಸಲ್ಲಿಸುವ ಮುನ್ನ ಪ್ರತಿ ಪುಟದ ನೆರಳಚ್ಚು ಪ್ರತಿ ತೆಗೆದಿಟ್ಟುಕೊಂಡು, ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯತಕ್ಕದ್ದು.

ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ, ನಿಯಮಗಳು ಹಾಗೂ ಕಾಲಕಾಲಕ್ಕೆ ಹೊರಡಿಸಲಾಗುವ ಅಧಿಸೂಚನೆಗಳೇ ಅಂತಿಮವಾಗಿರುತ್ತವೆ.