ಜಾಹೀರಾತಿನಲ್ಲಿ ಘೋಷಿಸಿದ ಸೌಲಭ್ಯಗಳಿಲ್ಲದ ತಂತ್ರಾಂಶ: ಗ್ರಾಹಕರಿಗೆ ಲಭ್ಯವಿರುವ ಪರಿಹಾರ

ಗಣಕಯಂತ್ರ ಅಥವಾ ಮೊಬೈಲ್ ದೂರವಾಣಿಗಾಗಿ ಹಣ ಪಾವತಿಸಿ ಪಡೆದ ತಂತ್ರಾಂಶದಲ್ಲಿ, ಅಂದರೆ ಸಾಫ್ಟ್‌ವೇರ್‌ನಲ್ಲಿ, ಜಾಹೀರಾತಿನಲ್ಲಿ ಘೋಷಿಸಿದ ಸೌಲಭ್ಯಗಳು ಇಲ್ಲದಿದ್ದಲ್ಲಿ ಅಥವಾ ಇದ್ದೂ ಕಾರ್ಯನಿರ್ವಹಿಸದಿದ್ದಲ್ಲಿ ಗ್ರಾಹಕರು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಪರಿಹಾರ ಕೋರಬಹುದಾಗಿದೆ. ಸದರಿ ಅಧಿನಿಯಮವು 2020ರ ಜುಲೈ 20ರಂದು ಜಾರಿಗೆ ಬಂದಿದ್ದು, 1986ರ ಅಧಿನಿಯಮದ ಸ್ಥಾನವನ್ನು ಪಡೆದಿದೆ. ಹಿಂದೆ ಜಿಲ್ಲಾ ವೇದಿಕೆ ಎಂದು ಕರೆಯಲಾಗುತ್ತಿದ್ದ ಸಂಸ್ಥೆಯು ಈಗ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಾಗಿದೆ.

ತಂತ್ರಾಂಶವು ಕಣ್ಣಿಗೆ ಕಾಣುವ ವಸ್ತುವಲ್ಲವಾದ್ದರಿಂದ ಕಾನೂನು ಅನ್ವಯಿಸದೆಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಮಾರುಕಟ್ಟೆಯಲ್ಲಿ ಸಿದ್ಧರೂಪದಲ್ಲಿ ಮಾರಾಟವಾಗುವ ತಂತ್ರಾಂಶವು ಸರಕು ಎಂದು ಸರ್ವೋಚ್ಚ ನ್ಯಾಯಾಲಯವು 2004ರ ನವೆಂಬರ್ 5ರಂದು ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ವಿರುದ್ಧ ಆಂಧ್ರಪ್ರದೇಶ ರಾಜ್ಯ ಪ್ರಕರಣದಲ್ಲಿ ತೀರ್ಪು ನೀಡಿದೆ. ಅದು ಮಾರಾಟ ತೆರಿಗೆಗೆ ಸಂಬಂಧಿಸಿದ ಪ್ರಕರಣವಾಗಿದ್ದರೂ ಅದರ ತರ್ಕವು ಇಲ್ಲಿಯೂ ಉಪಯುಕ್ತ. ಮಾಸಿಕ ಅಥವಾ ವಾರ್ಷಿಕ ಚಂದಾ ಪಾವತಿಸಿ ಬಳಸುವ ತಂತ್ರಾಂಶವನ್ನು ಸೇವೆ ಎಂದು ಪರಿಗಣಿಸಿ ಸೇವಾ ನ್ಯೂನತೆಯ ದೂರು ಸಲ್ಲಿಸಬಹುದು.

ಯಾವುದು ಅನುಚಿತ ವ್ಯಾಪಾರ ಪದ್ಧತಿ?

ಸರಕಿನಲ್ಲಿ ಇಲ್ಲದ ಗುಣ, ಉಪಯೋಗ ಅಥವಾ ಪ್ರಯೋಜನವಿದೆಯೆಂದು ಹೇಳುವುದು ಅಧಿನಿಯಮದ ಕಲಂ 2(47)ರನ್ವಯ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಮುಖ್ಯ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಜಾಹೀರಾತು ಕಲಂ 2(28)ರನ್ವಯ ದಾರಿ ತಪ್ಪಿಸುವ ಜಾಹೀರಾತು. ಉದಾಹರಣೆಗೆ, ಕಿರಾಣಿ ಅಂಗಡಿಯ ಲೆಕ್ಕಪತ್ರಕ್ಕೆಂದು ಮಾರುವ ತಂತ್ರಾಂಶದ ಕರಪತ್ರದಲ್ಲಿ ಕನ್ನಡದಲ್ಲಿಯೇ ಬಿಲ್ಲು ಮುದ್ರಿಸಬಹುದೆಂದು ದಪ್ಪಕ್ಷರದಲ್ಲಿ ನಮೂದಿಸಿರುತ್ತಾರೆ. ಖರೀದಿಸಿದ ಮೇಲೆ ಪರದೆಯ ಮೇಲಿನ ಆಯ್ಕೆಗಳಷ್ಟೇ ಕನ್ನಡದಲ್ಲಿದ್ದು, ಬಿಲ್ಲಿನಲ್ಲಿ ಒತ್ತಕ್ಷರಗಳು ಕಳಚಿಕೊಂಡು ಅಕ್ಕಿ, ಸಕ್ಕರೆಯಂತಹ ಪದಗಳೂ ಓದಲಾಗದಂತೆ ಮುದ್ರಿತವಾಗುತ್ತವೆ. ವಿಚಾರಿಸಿದರೆ ಮುಂದಿನ ಆವೃತ್ತಿಯಲ್ಲಿ ಸರಿಯಾಗುವುದೆಂಬ ಉತ್ತರ ದೊರೆಯುತ್ತದೆ. ಗ್ರಾಹಕರು ಹಣ ಕೊಟ್ಟಿರುವುದು ಈಗಿನ ಆವೃತ್ತಿಗೆ.

ಕರಪತ್ರದ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ಷರತ್ತು ಮುದ್ರಿಸಿರುವುದರಿಂದ ಮಾರಾಟಗಾರರ ಹೊಣೆ ತಪ್ಪುವುದಿಲ್ಲ. 2022ರ ಜೂನ್ 9ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ ಇಂತಹ ಷರತ್ತು ಮುಖ್ಯ ಘೋಷಣೆಗೆ ವಿರುದ್ಧವಾಗಿರಬಾರದು ಹಾಗೂ ಘೋಷಣೆಯ ಭಾಷೆಯಲ್ಲಿಯೇ ಇರಬೇಕು. ಅಂತೆಯೇ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿದ ಮಾತ್ರಕ್ಕೆ ದೂರು ನೀಡುವ ಹಕ್ಕು ಇಲ್ಲವಾಗುವುದಿಲ್ಲ. ಆದರೆ ಆ ಒಪ್ಪಂದವೇ ಅನ್ಯಾಯಯುತವೆಂದು ಘೋಷಿಸಲು ಕೋರುವವರು ಜಿಲ್ಲಾ ಆಯೋಗದ ಬದಲು ರಾಜ್ಯ ಆಯೋಗವನ್ನು ಸಂಪರ್ಕಿಸಬೇಕಾಗುತ್ತದೆ.

ಯಾರು ದೂರು ನೀಡಬಹುದು?

ಈ ಅಂಶವನ್ನು ಅರ್ಜಿದಾರರು ಗಮನವಿಟ್ಟು ಓದತಕ್ಕದ್ದು. ವಾಣಿಜ್ಯ ಉದ್ದೇಶಕ್ಕಾಗಿ ಖರೀದಿಸಿದವರು ಗ್ರಾಹಕರಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರ ಸರಕನ್ನು ಖರೀದಿಸಿ ತಾವೇ ಬಳಸುವವರಿಗೆ ವಿನಾಯಿತಿ ಇದೆ. ತಾನೇ ಗಲ್ಲೆಯ ಮೇಲೆ ಕುಳಿತು ಬಿಲ್ಲು ಬರೆಯುವ ಅಂಗಡಿಕಾರ ಈ ವಿನಾಯಿತಿ ಕೋರಬಹುದು. ಆದರೆ 2019ರ ಅಧಿನಿಯಮದ ವಿವರಣೆಯಲ್ಲಿ ಸರಕಿನ ಉಲ್ಲೇಖ ಮಾತ್ರವಿದ್ದು ಸೇವೆಯ ಉಲ್ಲೇಖವಿಲ್ಲದ ಕಾರಣ, ಚಂದಾ ಆಧಾರದ ತಂತ್ರಾಂಶ ಪಡೆದ ಅಂಗಡಿಕಾರರಿಗೆ ಆಕ್ಷೇಪಣೆ ಎದುರಾಗಬಹುದು. ಕಂಪನಿಯೊಂದು ತನ್ನ ರಫ್ತು-ಆಮದು ದಾಖಲೆಗಳ ನಿರ್ವಹಣೆಗಾಗಿ ಪಡೆದ ತಂತ್ರಾಂಶ ಪರವಾನಗಿಯು ವಾಣಿಜ್ಯ ಉದ್ದೇಶದ್ದೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಅಂತಹವರು ಸಿವಿಲ್ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ. ಗೃಹಬಳಕೆಗೆ ಅಥವಾ ಮಕ್ಕಳ ವಿದ್ಯಾಭ್ಯಾಸಕ್ಕೆ ಖರೀದಿಸಿದವರಿಗೆ ಈ ತೊಡಕಿಲ್ಲ.

ಸಾಕ್ಷ್ಯಾಧಾರಗಳು

ದೂರು ನಿಲ್ಲುವುದೂ ಬೀಳುವುದೂ ದಾಖಲೆಗಳ ಮೇಲೆಯೇ. ಅಂತರಜಾಲದ ಜಾಹೀರಾತನ್ನು ಮಾರಾಟಗಾರರು ಯಾವಾಗ ಬೇಕಾದರೂ ಬದಲಿಸಬಹುದಾದ ಕಾರಣ, ಖರೀದಿಯ ದಿನವೇ ಆ ಪುಟವನ್ನು ದಿನಾಂಕ ಹಾಗೂ ವಿಳಾಸ ಕಾಣುವಂತೆ ಮುದ್ರಿಸಿಟ್ಟುಕೊಳ್ಳುವುದು ಕ್ಷೇಮ. ಬಿಲ್ಲನ್ನು ಕೇಳಿ ಪಡೆಯತಕ್ಕದ್ದು. ಬಿಲ್ಲು ನೀಡದಿರುವುದು ಸಹ ಅನುಚಿತ ವ್ಯಾಪಾರ ಪದ್ಧತಿಯೇ. ದೋಷ ಕಂಡಾಗ ತೆರೆಯ ಚಿತ್ರ, ತಂತ್ರಾಂಶದ ಆವೃತ್ತಿ ಸಂಖ್ಯೆ ಮತ್ತು ಗಣಕಯಂತ್ರದ ವಿವರಗಳನ್ನು ದಾಖಲಿಸಿಕೊಳ್ಳಬೇಕು. ತಮ್ಮ ಯಂತ್ರವೇ ಹಳೆಯದೆಂಬುದು ಮಾರಾಟಗಾರರು ನೀಡುವ ಮೊದಲ ಸಮಜಾಯಿಷಿಯಾಗಿರುತ್ತದೆ. ದೂರವಾಣಿಯಲ್ಲಿ ಗಂಟೆಗಟ್ಟಲೆ ವಾದಿಸುವುದಕ್ಕಿಂತ ಒಂದು ಇ-ಮೇಲ್ ಹೆಚ್ಚು ಪ್ರಯೋಜನಕಾರಿ.

ದೂರು ಸಲ್ಲಿಸುವ ವಿಧಾನ

ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ ಹಣ ವಾಪಸಾತಿ ಕೋರುವುದು ಸೂಕ್ತ. ಬಿಲ್ಲಿನಲ್ಲಿ ಅವಧಿ ನಮೂದಿಸಿರದಿದ್ದರೆ, ದೋಷಯುಕ್ತ ಸರಕನ್ನು 30 ದಿನಗಳೊಳಗೆ ಹಿಂಪಡೆಯಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಇ-ವಾಣಿಜ್ಯ ತಾಣದ ಮೂಲಕ ಖರೀದಿಸಿದ್ದಲ್ಲಿ, 2020ರ ನಿಯಮಗಳ ಪ್ರಕಾರ ಆ ತಾಣದ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ ಒಂದು ತಿಂಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೂ ದೂರು ನೀಡಬಹುದು. ಸಹಾಯವಾಣಿಯು ಸಂಧಾನಕ್ಕೆ ಪ್ರಯತ್ನಿಸುತ್ತದೆಯೇ ಹೊರತು ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಕೇಂದ್ರ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದು; ಆ ದಂಡದ ಹಣ ಗ್ರಾಹಕರಿಗೆ ಸೇರುವುದಿಲ್ಲ.

ವೈಯಕ್ತಿಕ ಪರಿಹಾರಕ್ಕೆ ಆಯೋಗವೇ ದಾರಿ. ಪಾವತಿಸಿದ ಮೊತ್ತ 50 ಲಕ್ಷ ರೂ. ಮೀರದಿದ್ದಲ್ಲಿ ಜಿಲ್ಲಾ ಆಯೋಗದಲ್ಲಿ ದೂರು ಸಲ್ಲಿಸಬೇಕು. 5 ಲಕ್ಷ ರೂ.ಗಳವರೆಗೆ ಶುಲ್ಕವಿರುವುದಿಲ್ಲ. ಮಾರಾಟಗಾರರು ಹೊರ ರಾಜ್ಯದಲ್ಲಿದ್ದರೂ ದೂರುದಾರರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಇದು 2019ರ ಅಧಿನಿಯಮವು ಗ್ರಾಹಕರಿಗೆ ಮಾಡಿದ ದೊಡ್ಡ ಉಪಕಾರ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದ್ದು, ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ತಂತ್ರಾಂಶದ ಪರೀಕ್ಷೆ ಅಗತ್ಯವಿಲ್ಲದಿದ್ದಲ್ಲಿ ಮೂರು ತಿಂಗಳು, ಅಗತ್ಯವಿದ್ದಲ್ಲಿ ಐದು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ವಾಸ್ತವದಲ್ಲಿ ವಿಳಂಬವಾಗುವುದುಂಟು.

ದೂರಿಗೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಸರಿಪಡಿಸಿಕೊಡುವುದಾಗಿ ಮಾರಾಟಗಾರರು ಹೇಳುತ್ತಿದ್ದಾರೆಂಬ ಭರವಸೆಯಲ್ಲಿ ಈ ಅವಧಿಯನ್ನು ಕಳೆದುಕೊಂಡಲ್ಲಿ, ವಿಳಂಬಕ್ಕೆ ಸಕಾರಣವಿರುವುದನ್ನು ಆಯೋಗಕ್ಕೆ ಮನದಟ್ಟು ಮಾಡಬೇಕಾಗುತ್ತದೆ. ಜಿಲ್ಲಾ ಆಯೋಗದ ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು 45 ದಿನಗಳ ಕಾಲಾವಕಾಶವಿರುತ್ತದೆ.