ಜಯಲಕ್ಷ್ಮೀವಿಲಾಸ: ಒಡೆತನ ಮತ್ತು ಹೊಣೆ

ಮೈಸೂರಿನ ಜಯಲಕ್ಷ್ಮೀವಿಲಾಸವನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1905ರಲ್ಲಿ ತಮ್ಮ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದರು. 1959ರಲ್ಲಿ, ಕುವೆಂಪು ಉಪಕುಲಪತಿಗಳಾಗಿದ್ದಾಗ, ವಿಶ್ವವಿದ್ಯಾನಿಲಯವು ವಿಶಾಲ ಆವರಣಸಹಿತ ಅದನ್ನು 10 ಲಕ್ಷ ರೂಪಾಯಿಗೆ ಕೊಂಡಿತು. ವರ್ತಕರ ಲೆಕ್ಕದಲ್ಲಿಯೂ ಅದು ಅಗ್ಗವೇ. ಆ ನೆಲವೇ ಮಾನಸಗಂಗೋತ್ರಿ. ಮುಂದೆ ರಾಜಕುಮಾರಿಯ ಹಜಾರಗಳಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡು, ತೊಗಲುಗೊಂಬೆಗಳೂ ಒಕ್ಕಲು ಮನೆಯ ಪರಿಕರಗಳೂ ಅಲ್ಲಿಗೆ ಬಂದವು. ರಾಮನಗರದ ಜಾನಪದ ಲೋಕವನ್ನು ಕಂಡವರು ಅವುಗಳ ಬೆಲೆಯನ್ನು ಬಲ್ಲರು.

ಜೈನಾಚಾರ್ಯರು ಪರಿಗ್ರಹವೆಂದುದು ವಸ್ತುವನ್ನಲ್ಲ, ಅದರ ಮೇಲಣ ಮಮತ್ವವನ್ನು. ಮಮತ್ವವಳಿದ ಮೇಲೆಯೂ ಹೊಣೆ ಉಳಿಯುತ್ತದೆ. ಜೀರ್ಣೋದ್ಧಾರಕ್ಕೆ ದಾನಿ ದೊರೆತಷ್ಟು ಸುಲಭವಾಗಿ ವರ್ಷವರ್ಷದ ಗಾರೆ-ಹೆಂಚಿನ ಖರ್ಚಿಗೆ ದೊರೆಯನೆಂಬುದು ಬಸದಿಗಳ ಟ್ರಸ್ಟಿಗಳಿಗೂ ತಿಳಿದ ಸಂಗತಿ. 2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನವು ಒಂದು ಕೋಟಿಗೂ ಮಿಗಿಲಾಗಿ ವ್ಯಯಿಸಿ ಈ ಸೌಧವನ್ನು ಉದ್ಧರಿಸಿತು. ಎರಡು ದಶಕ ತುಂಬುವುದರೊಳಗೆ ಅದು ಮತ್ತೆ ಶಿಥಿಲವಾಯಿತು.