ಕನ್ನಡದ ಪುಟ ಗೀಚಿದಂತೆ ಕಾಣುತ್ತಿದ್ದ ಕಾಲ
1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಮರುವರ್ಷ ‘ಬರಹ’ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಆಗ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗಕ್ಕೇ ಕನ್ನಡದ ಆಕಾರ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಕನ್ನಡ ಪುಟ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತಿದ್ದವು.

ಯೂನಿಕೋಡ್ 1991ರಲ್ಲೇ ಕನ್ನಡ ಅಕ್ಷರಗಳಿಗೆ ಸ್ವಂತ ಸಂಖ್ಯೆ ಕೊಟ್ಟಿತ್ತು. ಆದರೆ ವಿಂಡೋಸ್‌ನಲ್ಲಿ ‘ತುಂಗಾ’ ಫಾಂಟ್ ಸಿಕ್ಕಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲೂ ಭಾರತೀಯ ಭಾಷೆಗಳ ಸೌಲಭ್ಯವನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಬರೀ ಚೌಕಗಳು.

ಇಂದು ಫೋನಿನಲ್ಲಿ ಈ ತೊಂದರೆ ಇಲ್ಲ. ಆದರೆ ಬಾದಾಮಿ, ಹುನಗುಂದ, ಇಳಕಲ್‌ನಲ್ಲಿ ಅಂದು ಟೈಪಾದ ಜಾತ್ರೆಯ ಕರಪತ್ರ, ಸಂಘದ ಠರಾವು ನಿಮ್ಮ ಹಳೆಯ ಕಂಪ್ಯೂಟರಿನಲ್ಲಿದ್ದರೆ, ಕೆಟ್ಟಿದೆಯೆಂದು ಅಳಿಸಬೇಡಿ. ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ. ನಾವು ನಾಳೆ ಊರಿನ ಚರಿತ್ರೆ ಬರೆಯಲು ಅವೇ ಬೇಕು.